ಹಳೆಯ ಪಿಕಪ್ ವಾಹನದ ಮಾರಾಟ: ದುರಸ್ತಿಯ ಲೆಕ್ಕಾಚಾರ

ವರ್ಷಗಟ್ಟಲೆ ಸರಕು ಸಾಗಿಸಿ ಜಖಂಗೊಂಡ ಪಿಕಪ್ ವಾಹನವನ್ನು ಮಾರುವ ಮುನ್ನ ದುರಸ್ತಿ ಮಾಡಿಸಬೇಕೆ, ಇದ್ದ ಸ್ಥಿತಿಯಲ್ಲಿಯೇ ಕೊಟ್ಟುಬಿಡಬೇಕೆ? ಬಹುತೇಕ ವ್ಯಾಪಾರಸ್ಥರು ಗ್ಯಾರೇಜಿನ ಬಿಲ್ಲನ್ನೂ ಹೆಚ್ಚಾಗಿ ದೊರೆಯುವ ಬೆಲೆಯನ್ನೂ ಹೋಲಿಸಿ ತೀರ್ಮಾನಿಸುತ್ತಾರೆ. ಮಾರುವವರು ಜಿ.ಎಸ್.ಟಿ. ನೋಂದಾಯಿತರಾಗಿದ್ದರೆ ಇಷ್ಟು ಲೆಕ್ಕ ಸಾಲದು.

ಕೊಳ್ಳುವಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯದ ಹಳೆಯ ವಾಹನವನ್ನು ನೋಂದಾಯಿತ ವ್ಯಾಪಾರಿ ಮಾರಿದಾಗ, ಮಾರಾಟ ಬೆಲೆಯು ಸವಕಳಿ ಕಳೆದ ಮೌಲ್ಯಕ್ಕಿಂತ ಎಷ್ಟು ಹೆಚ್ಚೋ ಅಷ್ಟರ ಮೇಲೆ ಮಾತ್ರ ತೆರಿಗೆ ತಗಲುತ್ತದೆ. 2025ರ ಜನವರಿ 16ರಿಂದ ಇದರ ದರ ಶೇ. 18. ಬೆಲೆಯೇ ಕಡಿಮೆಯಿದ್ದರೆ ತೆರಿಗೆಯಿಲ್ಲ. ಇಲ್ಲಿ ಪರಿಗಣಿಸಬೇಕಾದುದು ಆದಾಯ ತೆರಿಗೆ ಕಾಯಿದೆಯಂತೆ ಸವಕಳಿ ಕಳೆದ ಮೌಲ್ಯವನ್ನೇ ಹೊರತು ಲೆಕ್ಕಪುಸ್ತಕದಲ್ಲಿರುವ ಮೌಲ್ಯವನ್ನಲ್ಲ. ಎಡವುವವರು ಇಲ್ಲಿಯೇ ಹೆಚ್ಚು. ಕ್ರೆಡಿಟ್ ಪಡೆದಿದ್ದವರಿಗೆ ಈ ಸೌಲಭ್ಯವಿಲ್ಲ.

ಸಾಮಾನ್ಯ ದುರಸ್ತಿಯು ಆ ವರ್ಷದ ವ್ಯವಹಾರದ ಖರ್ಚು. ಅದು ವಾಹನದ ಮೌಲ್ಯಕ್ಕೆ ಸೇರದು. ಹೀಗಾಗಿ ದುರಸ್ತಿಯಿಂದ ಏರಿದ ಬೆಲೆಯೆಲ್ಲವೂ ತೆರಿಗೆಯ ವ್ಯಾಪ್ತಿಗೆ ಬರುತ್ತದೆ, ದುರಸ್ತಿಯ ವೆಚ್ಚ ಮಾತ್ರ ಅದರಿಂದ ಕಳೆಯುವುದಿಲ್ಲ.

6 ಲಕ್ಷ ರೂ.ಗೆ ಕೊಂಡು, ಸ್ವಂತ ಸರಕಿಗೆ ಬಳಸಿ, ಹತ್ತು ವರ್ಷ ಶೇ. 15ರಂತೆ ಸವಕಳಿ ಪಡೆದ ವಾಹನದ ಮೌಲ್ಯ ಸುಮಾರು 1,18,000 ರೂ.ಗೆ ಇಳಿದಿರುತ್ತದೆ. ಇದ್ದಂತೆಯೇ ಮಾರಿದರೆ 1,40,000 ರೂ., ಪೂರ್ಣ ಟಿಂಕರಿಂಗ್ ಮತ್ತು ಪೇಂಟಿಂಗ್‌ಗೆ 45,000 ರೂ. ವ್ಯಯಿಸಿದರೆ 1,80,000 ರೂ. ಬರುವುದೆಂದು ಭಾವಿಸೋಣ. ಬೆಲೆ ತೆರಿಗೆ ಸೇರಿಯೇ ಇದ್ದಲ್ಲಿ, ಹೆಚ್ಚಾಗಿ ಬಂದ 40,000 ರೂ.ಗಳಲ್ಲಿ ಸುಮಾರು 6,100 ರೂ. ತೆರಿಗೆಗೆ ಹೋಗುತ್ತದೆ. ಒಟ್ಟು ನಷ್ಟ 11,100 ರೂ. ಬದಲಾಗಿ ಒಡೆದ ದೀಪ, ಬ್ರೇಕು, ಹಿಂಬದಿಯ ಡೋರಿಗೆಂದು 12,000 ರೂ. ಖರ್ಚು ಮಾಡಿ 25,000 ರೂ. ಹೆಚ್ಚು ಪಡೆದರೆ, ತೆರಿಗೆ 3,800 ರೂ. ಕಳೆದು 9,200 ರೂ. ಕೈಯಲ್ಲಿ ಉಳಿಯುತ್ತದೆ. ಆದಾಯ ತೆರಿಗೆಯ ಪರಿಣಾಮವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಎಫ್.ಸಿ. ಆಗಬೇಕು. ಎಫ್.ಸಿ. ಪರೀಕ್ಷೆಯಲ್ಲಿ ತಡೆಹಿಡಿಯಬಹುದಾದ ದೋಷಗಳನ್ನು ಸರಿಪಡಿಸುವ ಖರ್ಚು ಸಾಮಾನ್ಯವಾಗಿ ವ್ಯರ್ಥವಾಗದು. ಚಾಸಿಯೇ ಬಾಗಿದ್ದರೆ ಬಣ್ಣ ಬಳಿಸಿ ಮುಚ್ಚಿಡುವುದು ಹಣದ ಪೋಲು ಮಾತ್ರವಲ್ಲ, ಮುಂದೆ ತಕರಾರಿಗೂ ದಾರಿ. ಕೊಳ್ಳುವವರಿಗೆ ಅದನ್ನು ತಿಳಿಸಿ, ಮಾರಾಟ ಪತ್ರದಲ್ಲಿ ನಮೂದಿಸುವುದು ಲೇಸು.

ಸಣ್ಣ ಜಖಂಗೆ ವಿಮಾ ಪರಿಹಾರ ಕೋರುವ ಮುನ್ನವೂ ಯೋಚಿಸಬೇಕು. ಕ್ಲೇಮು ಮಾಡದವರಿಗೆ ಸಿಗುವ ರಿಯಾಯಿತಿ ಸ್ವಂತ ಹಾನಿಯ ಪ್ರೀಮಿಯಂನ ಶೇ. 50ರವರೆಗೂ ಇರುತ್ತದೆ, ಅದು ವಾಹನದ್ದಲ್ಲ, ಮಾಲೀಕರದು. ಹಳೆಯದನ್ನು ಮಾರಿದಾಗ ಅದನ್ನು ಹೊಸ ವಾಹನಕ್ಕೆ ವರ್ಗಾಯಿಸಿಕೊಳ್ಳಬಹುದು.

ಹಣ ಕೈಸೇರಿದ ಮಾತ್ರಕ್ಕೆ ವ್ಯವಹಾರ ಮುಗಿಯಿತೆಂದು ಕೀಲಿಕೈ ಒಪ್ಪಿಸುವವರಿದ್ದಾರೆ. ನೋಂದಣಿ ಪುಸ್ತಕದಲ್ಲಿ ಹೆಸರಿರುವವರೇ ಮಾಲೀಕರೆಂದೂ, ಅಪಘಾತ ಪರಿಹಾರದ ಹೊಣೆ ಅವರದೇ ಎಂದೂ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ನೋಂದಣಾಧಿಕಾರಿಗೆ ವರದಿ ಮಾಡಿ, ಹೆಸರು ಬದಲಾದ ದಾಖಲೆಯ ಪ್ರತಿಯನ್ನು ಬಿಲ್ಲಿನೊಂದಿಗೆ ಕಡತದಲ್ಲಿ ಇರಿಸಿಕೊಳ್ಳಬೇಕು.