ಮೂರನೆಯ ಕಾಲು

ಮೂರು ಕಾಲಿನ ಮಣೆಯು ನೆಲ ಏರುಪೇರಾಗಿದ್ದರೂ ಅಲುಗಾಡದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮೇಜಾದರೋ ನೆಲ ತುಸು ಓರೆಯಾದರೂ ಕುಂಟುತ್ತದೆ. ಒಂದೇ ಸರಳರೇಖೆಯಲ್ಲಿಲ್ಲದ ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ ಎಂಬ ರೇಖಾಗಣಿತದ ತತ್ತ್ವವೇ ಇದಕ್ಕೆ ಕಾರಣ. ಮೋಟಾರ್ ಸೈಕಲ್ಲು ನೆಲವನ್ನು ಮುಟ್ಟುವುದು ಎರಡೇ ಕಡೆ. ಓಡುತ್ತಿರುವಾಗ ಅದು ಸಮತೋಲವನ್ನು ಕಾಯ್ದುಕೊಳ್ಳುತ್ತದೆ, ನಿಂತರೆ ಬೀಳುತ್ತದೆ. ಹಾಗೆ ಬೀಳದಂತೆ ತಡೆಯಲು ಅದರ ಎಡಪಕ್ಕದಲ್ಲಿ ಕಬ್ಬಿಣದ ಮೂರನೆಯ ಕಾಲೊಂದನ್ನು ಜೋಡಿಸಿರುತ್ತಾರೆ. ಅದೇ ಸೈಡ್ ಸ್ಟ್ಯಾಂಡು.

ನಯವಾದ ಡಾಂಬರು ರಸ್ತೆಯಲ್ಲಿ ಓಡುವ ವಾಹನಕ್ಕೆ ಈ ಕಾಲು ಬೇಕು. ಕಲ್ಲು, ಕೆಸರು, ಹಳ್ಳಗಳ ದಾರಿಗಾಗಿಯೇ ತಯಾರಾದ ವಾಹನಕ್ಕೆ ಇನ್ನೂ ಹೆಚ್ಚಾಗಿ ಬೇಕು. ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ಕಾಫಿತೋಟಗಳ ನಡುವಣ ಕಚ್ಚಾ ದಾರಿಗಳಲ್ಲಿ ಇಂತಹ ಮೋಟಾರ್ ಸೈಕಲ್ಲುಗಳನ್ನು ಕಾಣಬಹುದು. ಬಂಡೆ, ಬೇರುಗಳಿಗೆ ತಗಲದಿರಲೆಂದು ಇವುಗಳ ಒಡಲನ್ನು ನೆಲದಿಂದ ಎತ್ತರದಲ್ಲಿ ಇರಿಸಿರುತ್ತಾರೆ. ಆದ್ದರಿಂದ ಸ್ಟ್ಯಾಂಡೂ ಉದ್ದವಾಗಿರಬೇಕಾಗುತ್ತದೆ. ಭಾರ ಕಡಮೆಯಾಗಲೆಂದು ಹಲವು ವಾಹನಗಳಲ್ಲಿ ನಡುವಿನ ಜೋಡಿ ಸ್ಟ್ಯಾಂಡನ್ನು ಬಿಟ್ಟೇಬಿಟ್ಟಿರುತ್ತಾರೆ. ಹೀಗಾಗಿ ನಿಂತ ವಾಹನದ ಆಸರೆಯೆಲ್ಲ ಪಕ್ಕದ ಒಂದು ಕಾಲಿನ ಪಾಲಿಗೇ ಬರುತ್ತದೆ.

ಈ ಕಾಲಿನ ರಚನೆ ಬಹು ಸರಳ. ವಾಹನದ ಚೌಕಟ್ಟಿಗೆ ಕಿವಿಗಳಂತೆ ಎರಡು ದಪ್ಪ ತಗಡುಗಳನ್ನು ಬೆಸೆದಿರುತ್ತಾರೆ. ಅವುಗಳ ನಡುವೆ ಸ್ಟ್ಯಾಂಡಿನ ಚಪ್ಪಟೆಯಾದ ತಲೆ ಕುಳಿತುಕೊಳ್ಳುತ್ತದೆ. ಮೂರನ್ನೂ ಹಾದುಹೋಗುವ ಒಂದು ಬೋಲ್ಟೇ ಇದರ ಕೀಲು. ಬೋಲ್ಟು ಬಿಚ್ಚಿಕೊಳ್ಳದಂತೆ ಮತ್ತೊಂದು ಬದಿಯಲ್ಲಿ ನಟ್ಟು ಇರುತ್ತದೆ. ಇವುಗಳ ಜೊತೆಗೆ ಬಲವಾದ ಒಂದು ಎಳೆಸ್ಪ್ರಿಂಗು. ಅದರ ಒಂದು ಕೊಕ್ಕೆ ಚೌಕಟ್ಟಿಗೆ, ಇನ್ನೊಂದು ಸ್ಟ್ಯಾಂಡಿಗೆ ಸಿಕ್ಕಿಕೊಂಡಿರುತ್ತದೆ.

ಒಂದೇ ಸ್ಪ್ರಿಂಗು ಸ್ಟ್ಯಾಂಡನ್ನು ಮೇಲಕ್ಕೂ ಎಳೆದು ಹಿಡಿಯುತ್ತದೆ, ಕೆಳಕ್ಕೂ ಒತ್ತಿ ಹಿಡಿಯುತ್ತದೆ. ಇದು ಹೇಗೆ ಸಾಧ್ಯ? ಸ್ಪ್ರಿಂಗಿನ ಎರಡು ಕೊಕ್ಕೆಗಳನ್ನು ಸೇರಿಸುವ ರೇಖೆಯನ್ನು ಮನಸ್ಸಿನಲ್ಲಿ ಎಳೆದುಕೊಳ್ಳಬೇಕು. ಸ್ಟ್ಯಾಂಡು ಮೇಲಿರುವಾಗ ಈ ರೇಖೆ ಕೀಲಿನ ಒಂದು ಪಕ್ಕದಲ್ಲಿರುತ್ತದೆ. ಕೆಳಗಿರುವಾಗ ಇನ್ನೊಂದು ಪಕ್ಕಕ್ಕೆ ದಾಟಿರುತ್ತದೆ. ದಾಟುವ ಆ ಕ್ಷಣದಲ್ಲಿ ಸ್ಪ್ರಿಂಗು ಅತ್ಯಂತ ಹೆಚ್ಚು ಹಿಗ್ಗಿರುತ್ತದೆ. ಕಾಲಿನಿಂದ ತಳ್ಳುವವನು ಆ ನಡುಗೆರೆಯನ್ನು ದಾಟಿಸಿದರೆ ಸಾಕು, ಉಳಿದ ಕೆಲಸವನ್ನು ಸ್ಪ್ರಿಂಗೇ ಮಾಡುತ್ತದೆ.

ಇಷ್ಟು ಸರಳವಾದ ಕೀಲು ಸಡಿಲವಾಗುವುದೇಕೆ? ದಾರಿಯ ಕುಲುಕಾಟಕ್ಕೆ ನಟ್ಟು ತುಸುತುಸುವೇ ಬಿಚ್ಚಿಕೊಳ್ಳುತ್ತದೆ. ಕೀಲಿನೊಳಗೆ ಸೇರಿದ ಕೆಸರು, ಮರಳುಗಳು ಗ್ರೀಸಿನೊಡನೆ ಬೆರೆತು ಸಾಣೆಪುಡಿಯಂತೆ ಲೋಹವನ್ನು ಸವೆಸುತ್ತವೆ. ದುಂಡಾಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸ್ಟ್ಯಾಂಡು ಕೆಳಗಿರುವಾಗಲೇ ವಾಹನದ ಮೇಲೆ ಕುಳಿತುಕೊಳ್ಳುವ ಅಭ್ಯಾಸದಿಂದ ಕಿವಿಗಳು ಅಗಲುತ್ತವೆ. ಮುಖ್ಯವಾದ ಸಂಗತಿಯೆಂದರೆ, ಸಡಿಲವು ಸಡಿಲವನ್ನೇ ಬೆಳೆಸುತ್ತದೆ. ಬಿಗಿಯಾದ ಕೀಲಿನಲ್ಲಿ ಭಾರ ಒತ್ತುತ್ತದೆ. ಸಡಿಲವಾದ ಕೀಲಿನಲ್ಲಿ ಭಾರ ಬಡಿಯುತ್ತದೆ. ಪ್ರತಿಯೊಂದು ಬಡಿತವೂ ಸಂದನ್ನು ಹಿಗ್ಗಿಸುತ್ತದೆ. ಹಿಗ್ಗಿದ ಸಂದು ಮುಂದಿನ ಬಡಿತವನ್ನು ಜೋರು ಮಾಡುತ್ತದೆ.

ಸಂದು ಕಿರಿದೆಂದು ಉಪೇಕ್ಷಿಸುವಂತಿಲ್ಲ. ಕೀಲಿನ ಬಳಿ 30 ಮಿಲಿಮೀಟರ್ ಅಗಲದಲ್ಲಿ 1 ಮಿಲಿಮೀಟರಿನ ಸಡಿಲವಿದೆಯೆಂದು ಭಾವಿಸೋಣ. ಸ್ಟ್ಯಾಂಡಿನ ಉದ್ದ 300 ಮಿಲಿಮೀಟರ್ ಆದರೆ ಅದರ ಪಾದವು 10 ಮಿಲಿಮೀಟರ್‌ನಷ್ಟು ಅತ್ತಿತ್ತ ಹೊರಳುತ್ತದೆ. ಪಾದ ಹೊರಳಿದಂತೆ ವಾಹನ ಹೆಚ್ಚು ವಾಲುತ್ತದೆ. ಹೆಚ್ಚು ವಾಲಿದಂತೆ ಸ್ಟ್ಯಾಂಡಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಮೆತ್ತನೆಯ ಮಣ್ಣಾದರೆ ಕಿರಿದಾದ ಪಾದ ಹೂತುಹೋಗಿ ವಾಹನ ಮಗುಚುತ್ತದೆ. ಪಕ್ಕದಲ್ಲಿ ಮಗುವೊಂದು ನಿಂತಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಓಡುವಾಗಿನ ಅಪಾಯ ಇನ್ನೂ ದೊಡ್ಡದು. ಸ್ಪ್ರಿಂಗು ಸೋತು, ಕೀಲು ಸಡಿಲವಾಗಿದ್ದರೆ ಹಳ್ಳಕ್ಕೆ ಬಿದ್ದ ಪೆಟ್ಟಿಗೆ ಸ್ಟ್ಯಾಂಡು ಕೆಳಗೆ ಜಾರಬಹುದು. ಆ ಸ್ಥಿತಿಯಲ್ಲಿ ಸವಾರನು ಎಡತಿರುವಿನಲ್ಲಿ ವಾಲಿದರೆ ಅದರ ಪಾದ ನೆಲಕ್ಕೆ ಊರಿ, ಚಕ್ರದ ಹಿಡಿತ ತಪ್ಪುತ್ತದೆ. ಇದನ್ನು ತಡೆಯಲೆಂದೇ ಹಲವು ವಾಹನಗಳಲ್ಲಿ ಸ್ಟ್ಯಾಂಡು ಕೆಳಗಿರುವಾಗ ಗೇರು ಹಾಕಿದರೆ ಎಂಜಿನನ್ನು ನಿಲ್ಲಿಸಿಬಿಡುವ ಸ್ವಿಚ್ಚನ್ನು ಅಳವಡಿಸಿರುತ್ತಾರೆ. ಕಾರಣವಿಲ್ಲದೆ ಎಂಜಿನ್ ಆಗಾಗ ನಿಂತುಹೋಗುತ್ತಿದ್ದರೆ, ಅಲುಗಾಡುವ ಸ್ಟ್ಯಾಂಡು ಆ ಸ್ವಿಚ್ಚನ್ನು ಕೆಣಕುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹಳೆಯ ಟ್ಯೂಬಿನ ಪಟ್ಟಿಯಿಂದ ಸ್ಟ್ಯಾಂಡನ್ನು ಬಿಗಿದು ಕಟ್ಟಿ ಓಡಿಸುವವರುಂಟು. ಮನೆ ಸೇರುವವರೆಗೆ ಅದೊಂದು ಉಪಾಯವೇ ಹೊರತು ದುರಸ್ತಿಯಲ್ಲ. ರಬ್ಬರು ಯಾವಾಗ ಹರಿಯುವುದೆಂದು ಮೊದಲೇ ತಿಳಿಯುವುದಿಲ್ಲ.

ದುರಸ್ತಿಯ ಕ್ರಮ ಹೀಗಿದೆ. ಎಂಜಿನನ್ನು ನಿಲ್ಲಿಸಿ, ಬೀಗದ ಕೈ ತೆಗೆದು, ಅದು ಆರುವವರೆಗೆ ಕಾಯಬೇಕು. ಗಟ್ಟಿಯಾದ ಸಮನೆಲದಲ್ಲಿ ಒಡಲಿನ ಕೆಳಗೆ ಭದ್ರವಾದ ಮರದ ಪೆಟ್ಟಿಗೆಯನ್ನಿಟ್ಟು ವಾಹನವನ್ನು ನಿಲ್ಲಿಸಬೇಕು. ಅದನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಇರಬೇಕು. ಕೀಲಿನ ಕೆಸರನ್ನು ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ತೊಳೆಯಬೇಕು. ಅನಂತರ ಸ್ಟ್ಯಾಂಡಿನ ಪಾದವನ್ನು ಹಿಡಿದು ಅತ್ತಿತ್ತ ಅಲುಗಿಸಿ, ಅಲುಗಾಟವು ಎಲ್ಲಿದೆಯೆಂಬುದನ್ನು ನೋಡಬೇಕು. ಕೀಲಿನಲ್ಲಿದ್ದರೆ ಬೋಲ್ಟಿನ ದೋಷ. ಕಿವಿಯೇ ಚೌಕಟ್ಟಿನಿಂದ ಅಲುಗುತ್ತಿದ್ದರೆ ಬೆಸುಗೆಯ ದೋಷ. ಬೆಸುಗೆ ಬಿರಿದಿದ್ದರೆ ಅದು ಬೆಸುಗೆಗಾರನ ಕೆಲಸ; ಅದಕ್ಕೆ ಮುಂಚೆ ಬ್ಯಾಟರಿಯ ತಂತಿಗಳನ್ನು ಬಿಚ್ಚಿರಬೇಕು.

ಬೋಲ್ಟು ಸಡಿಲವಾಗಿದ್ದು, ಸವೆಯದಿದ್ದರೆ ಕೆಲಸ ಸುಲಭ. ಮೊದಲು ಹಿಂಬದಿಯ ನಟ್ಟನ್ನು ಸಡಿಲಿಸಬೇಕು. ಸ್ಟ್ಯಾಂಡು ಸರಾಗವಾಗಿ ತಿರುಗುತ್ತಿರಬೇಕು, ಆದರೆ ಪಕ್ಕಕ್ಕೆ ಅಲುಗಬಾರದು. ಆ ಹದಕ್ಕೆ ಬರುವವರೆಗೆ ಬೋಲ್ಟನ್ನು ಬಿಗಿಮಾಡಬೇಕು. ಒಂದು ಸ್ಪ್ಯಾನರಿನಿಂದ ಬೋಲ್ಟನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ಬಿಗಿಯಬೇಕು. ಅತಿಯಾಗಿ ಬಿಗಿದರೆ ಸ್ಪ್ರಿಂಗು ಸ್ಟ್ಯಾಂಡನ್ನು ಮೇಲಕ್ಕೆ ಎಳೆಯಲಾರದು, ಅದೂ ಅಪಾಯವೇ. ಬಿಗಿತದ ಅಳತೆ ತಯಾರಕರ ಕೈಪಿಡಿಯಲ್ಲಿರುತ್ತದೆ.

ಬಿಗಿದರೂ ಅಲುಗಾಟ ಹೋಗದಿದ್ದರೆ ಕೀಲನ್ನು ಬಿಚ್ಚಬೇಕು. ಇಲ್ಲಿ ಎಚ್ಚರಿಕೆ ಬೇಕಾದುದು ಸ್ಪ್ರಿಂಗಿನ ವಿಷಯದಲ್ಲಿ. ಅದು ಚಿಮ್ಮಿದರೆ ಕಣ್ಣಿಗೆ ಕೇಡು. ಕೆಲಸಗಾರರು ಕನ್ನಡಕ ಧರಿಸಿ ಒಂದು ಜಾಣತನ ಮಾಡುತ್ತಾರೆ. ಸ್ಟ್ಯಾಂಡನ್ನು ನಡುಗೆರೆಗೆ ತಂದು ಸ್ಪ್ರಿಂಗನ್ನು ಹಿಗ್ಗಿಸಿ, ಸುರುಳಿಗಳ ಸಂದಿನಲ್ಲಿ ವಾಷರುಗಳನ್ನು ಒಂದೊಂದಾಗಿ ತೂರಿಸುತ್ತಾರೆ. ಆಗ ಸ್ಪ್ರಿಂಗು ಕುಗ್ಗಲಾರದೆ ಕೊಕ್ಕೆ ಸಲೀಸಾಗಿ ಕಳಚಿಬರುತ್ತದೆ. ಬೋಲ್ಟಿನ ಮೈಯಲ್ಲಿ ಬೆರಳಿಗೆ ಮೆಟ್ಟಿಲಿನಂತೆ ತಗಲುವ ಸವೆತವಿದ್ದರೆ ಹೊಸದನ್ನು ಹಾಕಬೇಕು. ಅದು ಇದೇ ಕೀಲಿಗೆಂದು ತಯಾರಾದ ಬೋಲ್ಟಾಗಿರಬೇಕು. ಸಿಕ್ಕಿದ ಬೋಲ್ಟು ಸಲ್ಲದು. ತೂತು ಮೊಟ್ಟೆಯಾಕಾರವಾಗಿದ್ದರೆ ಲೇತ್ ಯಂತ್ರದವರಿಂದ ಅದನ್ನು ಕೊರೆಸಿ, ಒಳಗೆ ಹಿತ್ತಾಳೆಯ ಅಥವಾ ಉಕ್ಕಿನ ಬಳೆಯನ್ನು ಕೂರಿಸಬೇಕು. ಕೊನೆಗೆ ಹೊಸ ಗ್ರೀಸು ಸವರಿ, ಬಿಚ್ಚಿದ ಕ್ರಮಕ್ಕೆ ಹಿಮ್ಮುಖವಾಗಿ ಜೋಡಿಸಬೇಕು. ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡಿದಾಗಲೇ ದುರಸ್ತಿ ಪೂರ್ಣವಾದಂತೆ.

ನಿಲ್ಲಿಸುವುದರಲ್ಲಿಯೂ ಒಂದು ವಿವೇಕವಿದೆ. ಸ್ಟ್ಯಾಂಡು ಮುಂದಕ್ಕೆ ಚಾಚಿ ನಿಲ್ಲುತ್ತದೆ. ಆದ್ದರಿಂದ ವಾಹನ ಮುಂದಕ್ಕೆ ಉರುಳಿದರೆ ಅದು ಮಡಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ಮುಖವನ್ನು ಏರಿನ ಕಡೆಗೆ ಮಾಡಿ, ಮೊದಲನೆಯ ಗೇರಿನಲ್ಲಿ ನಿಲ್ಲಿಸಬೇಕು. ಮಣ್ಣು ಮೆತ್ತಗಿದ್ದರೆ ಪಾದದ ಕೆಳಗೆ ಚಪ್ಪಟೆಯಾದ ಕಲ್ಲನ್ನೋ ಹಲಗೆಯನ್ನೋ ಇಡಬೇಕು. ಭಾರವು ಹೆಚ್ಚು ವಿಸ್ತೀರ್ಣಕ್ಕೆ ಹಂಚಿದಷ್ಟೂ ಒತ್ತಡ ಕಡಮೆಯಾಗುತ್ತದೆ.

ಜಗತ್ತಿನ ಕಠಿಣ ಸ್ಪರ್ಧೆಗಳಲ್ಲೊಂದಾದ ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರೈಸಿ, ಹಾಗೆ ಮಾಡಿದ ಮೊದಲ ಭಾರತೀಯರೆನಿಸಿದವರು ಬೆಂಗಳೂರಿನ ಸಿ. ಎಸ್. ಸಂತೋಷ್. ಆ ಸ್ಪರ್ಧೆಯ ‘ಮ್ಯಾರಥಾನ್’ ಹಂತದ ರಾತ್ರಿಯಲ್ಲಿ ಹೊರಗಿನ ಮೆಕ್ಯಾನಿಕ್ಕುಗಳ ನೆರವು ದೊರೆಯುವುದಿಲ್ಲ. ಸವಾರರು ತಮ್ಮ ವಾಹನವನ್ನು ತಾವೇ ಸರಿಪಡಿಸಿಕೊಳ್ಳಬೇಕು. ಓಡಿಸಬಲ್ಲವನು ಅರ್ಧ ಸವಾರ, ತನ್ನ ಯಂತ್ರವನ್ನು ಅರಿತವನೇ ಪೂರ್ಣ ಸವಾರ ಎಂಬುದು ಅಲ್ಲಿನ ನಿಯಮದ ತಿರುಳು.

18 ವರ್ಷ ತುಂಬದವರು ಗೇರಿನ ಮೋಟಾರ್ ಸೈಕಲ್ಲನ್ನು ರಸ್ತೆಯಲ್ಲಿ ಓಡಿಸಲು ಕಾನೂನು ಒಪ್ಪುವುದಿಲ್ಲ. ಆದರೆ ಮನೆಯ ವಾಹನವನ್ನು ತೊಳೆಯುವಾಗ ಸ್ಟ್ಯಾಂಡಿನ ಪಾದವನ್ನು ಹಿಡಿದು ಒಮ್ಮೆ ಅಲುಗಿಸಿ ನೋಡಿ, ಸಡಿಲವಿದ್ದರೆ ಹಿರಿಯರಿಗೆ ತಿಳಿಸಲು ಯಾವ ಪರವಾನಗಿಯೂ ಬೇಕಾಗಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯಿದೆ. ಇಂದು ಸ್ಪ್ಯಾನರಿನ ಒಂದು ಸುತ್ತಿಗೆ ಸರಿಹೋಗುವ ಕೀಲು ನಾಳೆ ಲೇತ್ ಯಂತ್ರವನ್ನೂ, ನಾಡಿದ್ದು ಆಸ್ಪತ್ರೆಯನ್ನೂ ಬೇಡಬಹುದು.