ಏರಿ ಮೇಲೆ ನೆಟ್ಟ ಸಲಿಕೆ

ನೆದರ್ಲೆಂಡ್ಸ್ ಅಂದ್ರೆ ನಮಗೆ ಥಟ್ಟನೆ ನೆನಪಾಗೋದು ಟ್ಯೂಲಿಪ್ ಹೂವು, ಸೈಕಲ್ಲು, ಫುಟ್‌ಬಾಲಿನ ಕಿತ್ತಳೆ ಜರ್ಸಿ. ಗಾಳಿಯಂತ್ರಗಳನ್ನು ಬಿಸ್ಕತ್ತು ಡಬ್ಬಿ ಮೇಲೆ ನೋಡಿ ನೋಡಿ, ಅವು ಬರೀ ಚಂದಕ್ಕೆ ಅಂದುಕೊಂಡಿದ್ದೆವು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪಂಪಿನ ಪಾಠ ಬಂದಾಗ ಹುಡುಕಿ ಓದಿದ ಮೇಲೆ ಗೊತ್ತಾಯ್ತು: ಅವುಗಳಲ್ಲಿ ಎಷ್ಟೋ ಯಂತ್ರಗಳು ಹಿಟ್ಟು ಬೀಸೋಕಲ್ಲ, ನೀರೆತ್ತೋಕೆ ಇದ್ದವು.

ಆ ದೇಶದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ತಮಾಷೆ ಅಂದರೆ, ಅದರಲ್ಲಿ ಎಷ್ಟೋ ನೆಲ ಮೊದಲು ಹಾಗಿರಲಿಲ್ಲ. ಅಲ್ಲಿದ್ದದ್ದು ಪೀಟ್, ಅಂದರೆ ಗಿಡಗಂಟಿ ಕೊಳೆತು ಆದ ಮೆತ್ತನೆಯ ಜೌಗು ಮಣ್ಣು. ಮಧ್ಯಯುಗದ ರೈತರು ಬೇಸಾಯಕ್ಕೆಂದು ಕಾಲುವೆ ತೋಡಿ ನೀರು ಬಸಿದರು. ನೀರಿಳಿದ ಪೀಟ್ ಒಣಗಿ ಕುಗ್ಗಿತು, ನೆಲ ತಗ್ಗಿತು, ಮತ್ತೆ ನೀರು ನಿಂತಿತು. ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ, ಬಸಿದಷ್ಟೂ ಬಸಿಯಬೇಕು. ಕೊನೆಗೆ ಸುತ್ತ ಏರಿ ಕಟ್ಟಿಯೇ ಬದುಕಬೇಕಾಯಿತು.

ಏರಿಯದ್ದು ಒಂದು ವಿಚಿತ್ರ ನ್ಯಾಯ. ಹತ್ತು ಜನ ಗಟ್ಟಿಯಾಗಿ ಕಟ್ಟಿ ಹನ್ನೊಂದನೆಯವನು ಉದಾಸೀನ ಮಾಡಿದರೆ ಹನ್ನೊಂದು ಜನರೂ ಮುಳುಗುತ್ತಾರೆ. ಹಾಗಾಗಿ 13ನೇ ಶತಮಾನದ ಹೊತ್ತಿಗೇ ಅಲ್ಲಿ ನೀರಿನ ಮಂಡಳಿಗಳು ಹುಟ್ಟಿಕೊಂಡವು. ಏರಿಯ ಇಷ್ಟು ಭಾಗ ಇಂಥವನದ್ದು ಅಂತ ಹಂಚಿಕೆ, ಆಮೇಲೆ ತಪಾಸಣೆ, ತಪ್ಪಿದರೆ ದಂಡ. ನಮ್ಮನ್ನು ತುಂಬ ಕಾಡಿದ್ದು ಸಲಿಕೆಯ ಕಾನೂನು. ತನ್ನ ಪಾಲಿನ ಏರಿ ನೋಡಿಕೊಳ್ಳಲು ಆಗದ ರೈತ ಅದರ ಮೇಲೆ ಸಲಿಕೆ ನೆಟ್ಟು, ಹೊಲ ಮನೆ ಎಲ್ಲ ಬಿಟ್ಟು ಹೊರಡಬೇಕು. ಆ ಸಲಿಕೆ ಕಿತ್ತವನಿಗೆ ಜಮೀನು, ಜೊತೆಗೆ ಏರಿಯ ಹೊಣೆ. ಬಡವನ ಕಥೆ ಏನು ಅಂತ ಕೇಳಿದರೆ ಆ ಕಾನೂನಲ್ಲಿ ಉತ್ತರ ಇಲ್ಲ. ಮಂಡಳಿಗಳು ಈಗಲೂ 21 ಇವೆ, ಅವುಗಳದ್ದೇ ಚುನಾವಣೆ, ಅವುಗಳದ್ದೇ ತೆರಿಗೆ.

ಎಂಜಿನಿಯರಿಂಗ್ ನೋಡಬೇಕಂದ್ರೆ ಬೇಮ್‌ಸ್ಟರ್ ನೋಡಬೇಕು. ಆಮ್‌ಸ್ಟರ್‌ಡ್ಯಾಮಿನ ಉತ್ತರಕ್ಕಿದ್ದ ದೊಡ್ಡ ಸರೋವರ ಅದು. ಸುತ್ತ ಏರಿ, ಏರಿಯ ಹೊರಗೆ ಕಾಲುವೆ, ಒಳಗಿನ ನೀರೆತ್ತಿ ಕಾಲುವೆಗೆ ಸುರಿಯೋದು, ಇಷ್ಟೇ ಐಡಿಯಾ. ಆದರೆ ಗಾಳಿಯಂತ್ರದ ಹಲಗೆಚಕ್ರ ಒಂದು ಸಲಕ್ಕೆ ಎತ್ತೋದು ಹೆಚ್ಚೆಂದರೆ ಒಂದೂವರೆ ಮೀಟರ್. ಅದಕ್ಕೇ ಯಂತ್ರಗಳನ್ನು ಮೆಟ್ಟಿಲಿನಂತೆ ಸಾಲಾಗಿ ನಿಲ್ಲಿಸಿದರು: ಒಂದು ಎತ್ತಿದ್ದನ್ನು ಇನ್ನೊಂದು ಎತ್ತುತ್ತದೆ. 1610ರಲ್ಲಿ ಬಿರುಗಾಳಿಗೆ ಏರಿ ಒಡೆದು ಸರೋವರ ಮತ್ತೆ ತುಂಬಿತು. ಬಿಡಲಿಲ್ಲ, 1612ಕ್ಕೆ 43 ಯಂತ್ರಗಳಿಂದ ಬರಿದು ಮಾಡಿದರು. ದುಡ್ಡು ಹಾಕಿದ್ದು ವ್ಯಾಪಾರಿಗಳು, ಅವರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರೂ ಇದ್ದರು. ಅದೇ ಕಂಪನಿ 1621ರಲ್ಲಿ ಜಾಯಿಕಾಯಿಗಾಗಿ ಬಂಡಾ ದ್ವೀಪಗಳ ಹೆಚ್ಚಿನ ಜನರನ್ನು ಕೊಂದಿತು, ಇಲ್ಲವೇ ಓಡಿಸಿತು, ಗುಲಾಮರನ್ನಾಗಿಸಿತು. ಈ ಎರಡನ್ನೂ ಒಟ್ಟಿಗೇ ಓದಬೇಕು ಅಂತ ನಮಗನಿಸುತ್ತೆ.

ಆ ಕಾಲದ ಚಿತ್ರಗಳಲ್ಲೂ ಈ ನೆಲ ಕಾಣುತ್ತದೆ. ಯಾಕೋಬ್ ವಾನ್ ರೌಸ್ಡಾಲ್ 1670ರ ಸುಮಾರಿಗೆ ಬರೆದ ಗಾಳಿಯಂತ್ರದ ಚಿತ್ರದಲ್ಲಿ ರಾಜನೂ ಇಲ್ಲ, ದೇವರೂ ಇಲ್ಲ. ತಗ್ಗು ನೆಲ, ನೀರು, ಮೇಲೆಲ್ಲ ಮೋಡ.

ಇಷ್ಟೆಲ್ಲ ಅನುಭವವಿದ್ದೂ 1953ರ ಫೆಬ್ರವರಿ 1ರ ನಸುಕಿನಲ್ಲಿ ಏರಿಗಳು ಒಡೆದು 1,836 ಜನ ಸತ್ತರು. ಏರಿಗಳ ಎತ್ತರ ಸಾಲದು ಅಂತ ಸರ್ಕಾರದ ಎಂಜಿನಿಯರ್ ಯೋಹಾನ್ ವಾನ್ ವೇನ್ ವರ್ಷಗಳಿಂದ ಹೇಳುತ್ತಲೇ ಇದ್ದರು. ಆ ದುರಂತದ ನಂತರವೇ ದೊಡ್ಡ ಡೆಲ್ಟಾ ಯೋಜನೆ ಬಂತು. ಅದರಲ್ಲಿ ಓಸ್ಟರ್‌ಸ್ಖೆಲ್ಡ ಕೊಲ್ಲಿಯನ್ನು ಪೂರ್ತಿ ಮುಚ್ಚಿಬಿಡುವ ಲೆಕ್ಕಾಚಾರ ಇತ್ತು. ಚಿಪ್ಪುಮೀನು ಸಾಕುವವರೂ ಪರಿಸರದವರೂ ಬೀದಿಗಿಳಿದರು. ಉಪ್ಪುನೀರು ಹೋದರೆ ನಮ್ಮ ಬದುಕೇ ಹೋಯಿತು ಅನ್ನೋದು ಅವರ ವಾದ. ಸರ್ಕಾರ ನಕ್ಷೆಯನ್ನೇ ಬದಲಿಸಿತು. ಖರ್ಚು ಏರಿತು, ಕೆಲಸ ತಡವಾಯಿತು, 1986ರಲ್ಲಿ 62 ಉಕ್ಕಿನ ಗೇಟುಗಳ ತಡೆ ಉದ್ಘಾಟನೆಯಾಯಿತು. ಆ ಗೇಟುಗಳು ಮಾಮೂಲಿ ದಿನ ತೆರೆದೇ ಇರುತ್ತವೆ. ನೀರು ಮಾಮೂಲಿ ಮಟ್ಟಕ್ಕಿಂತ 3 ಮೀಟರ್ ಏರುವ ಸೂಚನೆ ಬಂದರೆ ಮಾತ್ರ ಇಳಿಯುತ್ತವೆ. ಉಳಿದಂತೆ ಭರತ ಇಳಿತ ಎರಡೂ ಒಳಗೆ ಬಂದು ಹೋಗುತ್ತವೆ, ಚಿಪ್ಪುಮೀನೂ ಬೆಳೆಯುತ್ತದೆ.