ಬಣ್ಣ ಹಚ್ಚದ ಹಿಮ

ನಮ್ಮ ವಿಜಯಪುರ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಆಲಿಕಲ್ಲು ಗೊತ್ತು, ಅದೂ ಬೇಡವೆನ್ನುತ್ತಾರೆ. ಬಬಲೇಶ್ವರದಲ್ಲಿರುವ ನನ್ನ ಮೊಮ್ಮಗಳ ಅಪ್ಪ ಲಡಾಖಿನಲ್ಲಿ ಸೈನಿಕ. ಅಲ್ಲಿಯ ಹಿಮದ ಬೆಟ್ಟ ಬರೆದು ಅವನಿಗೇ ಕಳಿಸಬೇಕೆಂದು ಹುಡುಗಿ ಬಿಳಿ ಬಣ್ಣದ ಟ್ಯೂಬು ಹಿಡಿದಳು. “ಅದನ್ನ ಬಿಡವ್ವಾ, ಹಾಳಿನೇ ಬೆಳ್ಳಗೈತಲ್ಲ!” ಎಂದೆ.

ಮಕ್ಕಳೇ, ಜಲವರ್ಣದಲ್ಲಿ ಹಿಮವೆಂದರೆ ಬಣ್ಣ ತಾಗದ ಕಾಗದ. ಪೆನ್ಸಿಲಿನಲ್ಲಿ ಬೆಟ್ಟದ ಗೆರೆ ತೆಳುವಾಗಿ ಎಳೆಯಿರಿ. ಗೆರೆಯ ಮೇಲ್ಭಾಗವನ್ನಷ್ಟೇ ಒದ್ದೆ ಮಾಡಿ ತಿಳಿನೀಲಿ ಬಿಡಿ. ನೀರು ಇದ್ದಲ್ಲಿಗೇ ಬಣ್ಣ ಹರಿಯುತ್ತದೆ. ಒಣಗುವವರೆಗೆ ಕಾಯಬೇಕು. (ನಮ್ಮ ಬಿಸಿಲಿಗೆ ಎಷ್ಟು ಹೊತ್ತು!) ನೆರಳಿಗೆ ಕಪ್ಪು ಬೇಡ. ಆಕಾಶದ ಬೆಳಕು ಬೀಳುವುದರಿಂದ ಹಿಮದ ನೆರಳು ನೀಲಿಯಾಗಿ ಕಾಣುತ್ತದೆ. ಕಲಾವಿದ ಕೆ. ವೆಂಕಟಪ್ಪನವರು (1886–1965) ಊಟಿಯ ಬೆಟ್ಟಗಳನ್ನು ಬರೆದದ್ದೂ ಜಲವರ್ಣದಲ್ಲೇ.

ಮೊಮ್ಮಗಳು ಬೆಟ್ಟದ ಬುಡದಲ್ಲಿ ಬಿಳಿಜೋಳದ ಹೊಲ ಸೇರಿಸಿದಳು. ಲಡಾಖಿನಲ್ಲಿ ಜೋಳವೆಲ್ಲಿ? ಇರಲಿ ಎಂದು ಸುಮ್ಮನಾದೆ.